ಊಸರವಳ್ಳಿಗೆ ಕಾರ್ತಿಕ ತೋರಿಸಿದ್ದು

ಆ ಮುಂಜಾನೆ ದವಾಖಾನೆಯ ಕಟ್ಟೆಯ ಮೇಲೆ ನಾಲ್ಕು ಮಂದಿ ಇದ್ದೆವು. ನಾನು, ಊರೆಲ್ಲ ಕಾಕಾ ಅಂತಲೇ ಕರೆಯುವ ನಮ್ಮ ಅಟೆಂಡರ್, ಆಡಿಗೆ ಜಂತಿನ ಔಷಧ ಹಾಕಿಸಲು ಬಂದಿದ್ದ ಒಬ್ಬ ಅಜ್ಜಿ, ಮತ್ತೆ ಅರಣ್ಯ ಇಲಾಖೆಯ ವಾಚರ್. ವಾಚರ್ ಕೈಯಲ್ಲಿ ಖಾಲಿ ಪೇಂಟಿನ ಬಕೆಟ್ಟಿತ್ತು, ಅದರ ಬಾಯಿಗೆ ತಮ್ಮ ಟವೆಲ್ ಕಟ್ಟಿಕೊಂಡಿದ್ದರು. ರಾಮದುರ್ಗದಿಂದ ಯರಗಟ್ಟಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯ ಪಶು ಚಿಕಿತ್ಸಾಲಯ ಅದು, ನಾನು ಅಲ್ಲಿಯ ವೈದ್ಯೆ. ಎಮ್ಮೆ, ಎತ್ತು, ಆಡು, ಕುರಿ, ಯಾವಾಗಲೋ ಒಂದು ನಾಯಿ, ಅಷ್ಟೇ ನನ್ನ ಪ್ರಪಂಚ. ದಸರೆ ಮುಗಿದು ವಾರವಾಗಿತ್ತು.

"ಬಾಯಾರ, ಇದಕ್ಕ ನೀವ ಗತಿ ಈಗ" ಅಂತ ವಾಚರ್ ಟವೆಲ್ ಬಿಚ್ಚಿದರು.

ಬಕೆಟ್ಟಿನ ತಳದಲ್ಲಿ ಒಂದು ಊಸರವಳ್ಳಿ. ಒಂದು ಕಣ್ಣು ನನ್ನನ್ನು ನೋಡುತ್ತಿತ್ತು, ಇನ್ನೊಂದು ಕಾಕಾನನ್ನು. ಅಜ್ಜಿ ತನ್ನ ಆಡನ್ನು ಹಗ್ಗ ಹಿಡಿದು ಜಗ್ಗಿಕೊಂಡಳು.

"ಅಯ್ಯ ನನ್ನವ್ವ! ಅದರ ಉಗುಳು ಬಡದ್ರ ಮೈಯೆಲ್ಲಾ ತೊನ್ನು ಆಕ್ಕೈತಿ. ಮುಚ್ಚೋ ತಮ್ಮಾ, ಮುಚ್ಚು!"

"ಇದು ಉಗುಳೂದಿಲ್ಲ ಬೇ ಅಜ್ಜಿ. ಉಗುಳವ್ರು ನಮ್ಮ ಆಫೀಸಿನ್ಯಾಗ ಅದಾರ, ಗೋಡಿ ಕೆಂಪ ಆಗೇತಿ" ಅಂದರು ವಾಚರ್.

ಸಂತೆಯಲ್ಲಿ ಬೇರು, ಎಣ್ಣೆ ಮಾರುವವನೊಬ್ಬ ಜನ ಸೇರಲಿ ಅಂತ ಅದನ್ನು ಕೋಲಿನ ತುದಿಗೆ ನೈಲಾನ್ ದಾರದಿಂದ ಕಟ್ಟಿ ಕೂರಿಸಿದ್ದನಂತೆ. ವಾಚರ್ ಕಂಡು ಅವನನ್ನು ಹಿಡಿಸಿದರು, ಕೇಸಾಯಿತು. ಹಿಂಗಾಲಿಗೆ ದಾರ ಒಳಗಿಳಿದು ಬಾವು ಬಂದಿತ್ತು. ಪಶು ವೈದ್ಯರು ಆರೋಗ್ಯವಾಗಿದೆ ಅಂತ ಬರೆದುಕೊಟ್ಟ ಮೇಲೆ ಅದನ್ನು ಬೇಲಿಸಾಲಿಗೆ ಬಿಡಬೇಕು, ಅಲ್ಲಿಯವರೆಗೆ ಅದರ ಹೊಣೆ ವಾಚರ್ ಮೇಲೆ ಅಂತ ಆದೇಶವಾಗಿತ್ತು. ವಾಚರ್ ಸಹಿ ಮಾಡಿ ತಗೊಂಡಿದ್ದರು. ಹನ್ನೆರಡು ವರ್ಷದಿಂದ ದಿನಗೂಲಿ ಮೇಲಿದ್ದ ಮನುಷ್ಯ. ಕಾಯಂ ಮಾಡುವ ಪಟ್ಟಿಯಲ್ಲಿ ಅದೇ ವರ್ಷ ಅವರ ಹೆಸರು ಬಂದಿತ್ತು. ಕೇಸಿನ ಪ್ರಾಣಿ ಕೈಯಲ್ಲಿ ಸತ್ತಿತೆಂದರೆ ಆ ಹೆಸರಿನ ಮುಂದೆ ಏನು ಬರೆಯುತ್ತಾರೋ ಯಾರು ಬಲ್ಲರು.

"ಇದು ಸತ್ತ್ರ ನನ್ನ ಫೈಲೂ ಸತ್ತಂಗ ನೋಡ್ರಿ" ಅಂದರು.

ಕಣ್ಣಿನ ಚಿಕಿತ್ಸೆಗೆ ಬಳಸುವ ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ, ಗಾಯ ತೊಳೆದು, "ಮೂರು ವಾರ ಇಲ್ಲೇ ಇರಲಿ" ಅಂದುಬಿಟ್ಟೆ. ಅಂದದ್ದು ಎಷ್ಟು ಸಲೀಸಾಗಿತ್ತೆಂದರೆ, ಹಿಂಡಿ ಕೊಡಿ, ಮೇವು ಕೊಡಿ ಅಂತ ಎಮ್ಮೆಯವರಿಗೆ ಹೇಳುವ ಹಾಗೆ. ಊಸರವಳ್ಳಿಯನ್ನು ಮೂರು ವಾರ ಇಟ್ಟುಕೊಳ್ಳುವುದು ಹೇಗೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಆಗ ಗೊತ್ತಿರಲಿಲ್ಲ.

ಕಾಕಾ ಹಳೆಯ ಕಿಟಕಿಯ ಸೊಳ್ಳೆ ಜಾಳಿಗೆಗೆ ಪಟ್ಟಿ ಬಡಿದು ಎದೆಯೆತ್ತರದ ಪಂಜರ ಮಾಡಿದರು. ಒಳಗೆ ಬೇವಿನ ಟೊಂಗೆ ಕಟ್ಟಿದೆವು. ಲಸಿಕೆಯ ಫ್ರಿಜ್ಜಿರುವ ಹಿಂದಿನ ಕೋಣೆಯಲ್ಲಿ ಜಾಗ ಮಾಡಿದೆವು. ಜೋಳದ ಹೊಲದಲ್ಲಿ ಮಿಡತೆ ಹಿಡಿದು ತರುವುದು ವಾಚರ್ ಕೆಲಸ. ಬಟ್ಟಲಲ್ಲಿ ನೀರಿಟ್ಟರೆ ಅದು ತಿರುಗಿಯೂ ನೋಡಲಿಲ್ಲ. ಎಲೆಯ ಮೇಲಿನ ಹನಿ ನೆಕ್ಕುವ ಜಾತಿ ಅಂತ ತಿಳಿದ ಮೇಲೆ, ಪಂಜರದ ಮೇಲೆ ಸಲೈನ್ ಬಾಟಲಿ ತೂಗುಹಾಕಿ, ಅದರಲ್ಲಿ ಬಾವಿಯ ನೀರು ತುಂಬಿ, ಎಲೆಯ ಮೇಲೆ ಎರಡು ಸೆಕೆಂಡಿಗೊಂದು ಹನಿ ಬೀಳುವ ಹಾಗೆ ಚಕ್ರ ತಿರುಗಿಸಿದೆ. ಅದು ಹತ್ತಿರ ಸರಿದು, ಬಾಯಿ ಆಡಿಸಿ, ಬಹಳ ಹೊತ್ತು ಕುಡಿಯಿತು. ನಾನು ಗೆದ್ದೆ ಅಂದುಕೊಂಡೆ.

ಸೋಲು ಶುರುವಾದದ್ದು ಬಿಸಿಯಿಂದ. ಮುಂಜಾನೆ ಸ್ವಲ್ಪ ಥಂಡಿ ಹಿಡಿಯತೊಡಗಿತ್ತು. ನಾನು ಕೋಳಿ ಸಾಕಾಣಿಕೆಯ ತರಬೇತಿ ಪಡೆದವಳು. ಸಾವಿರಾರು ಮರಿಗಳನ್ನು ಬಲ್ಬಿನ ಕೆಳಗೆ ಉಳಿಸಿದ ಹೆಮ್ಮೆ ಬೇರೆ. ಸಣ್ಣ ಜೀವ, ಥಂಡಿ ದಿನ, ಅಂದಮೇಲೆ ಹಗಲೂ ರಾತ್ರಿ ಬಲ್ಬು. ಈ ಲೆಕ್ಕ ನನ್ನ ಕೈಗೆ ಅಂಟಿಕೊಂಡಿತ್ತು. ಕೋಳಿಮರಿಗೆ ಹಚ್ಚುವ ನೂರು ವ್ಯಾಟಿನ ಹಳದಿ ಬಲ್ಬನ್ನೇ ಪಂಜರದ ಮೇಲೆ ಹಚ್ಚಿದೆ. ಫ್ರಿಜ್ಜಿನ ಥರ್ಮಾಮೀಟರ್ ತೆಗೆದು ಟೊಂಗೆಗೆ ಕಟ್ಟಿದರೆ ಮೂವತ್ನಾಲ್ಕು ತೋರಿಸಿತು. ಬೇಷಾಯಿತು ಅಂತ ಮನೆಗೆ ಹೋದೆ.

ಮರುದಿನ ಮಧ್ಯಾಹ್ನ ನೋಡಿದರೆ ಊಸರವಳ್ಳಿ ಬಾಯಿ ತೆರೆದುಕೊಂಡು, ಬೆಳ್ಳಗಾಗಿ, ಬಲ್ಬಿಗೆ ದೂರ ಜಾಳಿಗೆಗೆ ಆತುಕೊಂಡಿತ್ತು. ಬಿಸಿ ಹೆಚ್ಚಾಯಿತು ಅಂತ ಬಲ್ಬು ತೆಗೆಸಿದೆ. ಅದರ ಮರುದಿನ ಮುಂಜಾನೆ ಏಳಕ್ಕೆ ಕಾಕಾ ಫೋನು.

"ಬಾಯಾರ, ಲಗೂನ ಬರ್ರಿ. ಸುಟ್ಟ ಬದನಿಕಾಯಿ ಆಗೇತಿ."

ಓಡಿ ಹೋದೆ. ಕಪ್ಪಗೆ ಇದ್ದಿಲಿನ ಹಾಗೆ, ಮೈ ಚಪ್ಪಟೆ ಮಾಡಿಕೊಂಡು, ಅಲ್ಲಾಡದೆ ಕೂತಿತ್ತು. ಥಂಡಿಗೆ ಸಾಯುತ್ತಿದೆ ಅಂತ ಮತ್ತೆ ಬಲ್ಬು ಹಚ್ಚಿದೆ. ಅರ್ಧ ಗಂಟೆಯಲ್ಲಿ ಹಸಿರಾಯಿತು. ಸಂಜೆಗೆ ಮತ್ತೆ ಬಿಳುಪು. ಹೀಗೆ ತೆಗಿ, ಹಚ್ಚು, ತೆಗಿ, ಹಚ್ಚು. ನಡುವೆ ಕರೆಂಟು ಬೇರೆ. ನಮ್ಮ ಪಾಪದ ಪ್ರಾಣಿಗೆ ಕರೆಂಟು ಬಂದಾಗ ಹಗಲು, ಹೋದಾಗ ರಾತ್ರಿ. ಒಂದೊಂದು ದಿನ ಅದು ಮೂರು ಸಲ ಬೆಳಗು ಕಂಡಿತು.

ಬಣ್ಣ ಬರೆದಿಡಲು ಒಂದು ನೋಟ್‌ಬುಕ್ ಇಟ್ಟೆ. ಅದರಿಂದ ಗೊಂದಲ ಇನ್ನಷ್ಟಾಯಿತು. ನಾನು 'ಬೂದು' ಅಂತ ಬರೆದ ಹೊತ್ತಿಗೆ ವಾಚರ್ 'ಹಸಿರು' ಅಂತ ಬರೆದಿದ್ದರು. ಕಾಕಾನ ಬಣ್ಣಗಳೇ ಬೇರೆ: ಹೆಸರುಬ್ಯಾಳಿ, ಹಳಸಿದ ಮಜ್ಜಿಗಿ, ಬದನಿಕಾಯಿ.

"ಕಾಕಾ, ಹಳಸಿದ ಮಜ್ಜಿಗಿಗೂ ಛಲೋ ಮಜ್ಜಿಗಿಗೂ ಬಣ್ಣದಾಗ ಏನ್ರಿ ಫರಕ?" ಅಂತ ವಾಚರ್ ಕೇಳಿದರೆ, "ನಿಮ್ಮ ಮನಿಯಾಗ ಮಜ್ಜಿಗಿ ಎಂದೂ ಹಳಸೂತನಾ ಉಳದಿಲ್ಲ, ಅದಕ್ಕ ಗೊತ್ತಿಲ್ಲ" ಅಂದರು ಕಾಕಾ.

ನಗುತ್ತಿದ್ದೆವು, ಆದರೆ ಅದು ತಿನ್ನುವುದು ಕಡಿಮೆ ಮಾಡಿತ್ತು. ಹಗಲಲ್ಲೇ ಕಣ್ಣು ಮುಚ್ಚುತ್ತಿತ್ತು. ಹಗಲಲ್ಲಿ ಕಣ್ಣು ಮುಚ್ಚುವ ಊಸರವಳ್ಳಿ ಒಳ್ಳೆಯ ಲಕ್ಷಣವಲ್ಲ ಅಂತ ಎಲ್ಲೋ ಓದಿದ ನೆನಪು. ಕೊನೆಗೆ, ಓದುವಾಗ ನನಗಿಂತ ಮುಂದಿದ್ದು ಈಗ ದೂರದ ಮೃಗಾಲಯವೊಂದರಲ್ಲಿರುವ ಹಿರಿಯ ವೈದ್ಯರಿಗೆ ಫೋನು ಮಾಡಿದೆ. ಮೊದಲೇ ಮಾಡಬೇಕಿತ್ತು. ಒಂದು ಊಸರವಳ್ಳಿಗೆ ಕೇಳುವುದೇ ಅನ್ನುವ ನಾಚಿಕೆ ಅಡ್ಡ ಬಂದಿತ್ತು.

ಅವರು ನೋಟ್‌ಬುಕ್ಕಿನ ಪುಟಗಳ ಫೋಟೋ ತರಿಸಿಕೊಂಡು ಒಂದೊಂದಾಗಿ ನೋಡಿದರು. ಆಮೇಲೆ, "ಬಣ್ಣ ಬರೆದಿದ್ದೀರಿ, ಹೊತ್ತು ಬರೆದಿಲ್ಲ" ಅಂದರು. "ಮುಂಜಾನೆ ಕಪ್ಪಾಗುವುದು ಬಿಸಿಲು ಹೀರಿಕೊಳ್ಳಲು. ಕತ್ತಲಲ್ಲಿ ಬೆಳ್ಳಗಾಗುವುದು ನಿದ್ದೆ. ಎರಡೂ ರೋಗವಲ್ಲ. ನಡುಹಗಲು ಬಾಯಿ ತೆರೆದು ಬೆಳ್ಳಗಾದರೆ ಮಾತ್ರ ಕಾವು ಹೆಚ್ಚಾಗಿದೆ ಅಂತ. ನೀವು ಅದಕ್ಕೆ ರಾತ್ರಿಯನ್ನೇ ಕೊಟ್ಟಿಲ್ಲ. ಅದಕ್ಕೆ ಈಗ ಯಾವ ತಿಂಗಳು ಅಂತಲೂ ಗೊತ್ತಿಲ್ಲ."

ಅವರು ಹೇಳಿದ ಕ್ರಮ ಹೀಗಿತ್ತು. ಹಗಲು ಒಂದು ಬದಿಗೆ ಇಪ್ಪತ್ತೆಂಟು, ಮೂವತ್ತರ ಕಾವು, ಇನ್ನೊಂದು ಬದಿಗೆ ನೆರಳು. ಎಲ್ಲಿ ಕೂರಬೇಕೆಂದು ಅದೇ ಆರಿಸಿಕೊಳ್ಳಲಿ. ಸೂರ್ಯ ಮುಳುಗಿದ ಮೇಲೆ ಯಾವ ದೀಪವೂ ಬೇಡ, ಥಂಡಿಯಾದರೆ ಆಗಲಿ. ಚಳಿಗಾಲಕ್ಕೆ ಹೊರಗೆ ಹಗಲು ಎಷ್ಟು ಗಿಡ್ಡಾಗುತ್ತದೋ ಒಳಗೂ ಅಷ್ಟೇ ಆಗಬೇಕು. ಗಾಜಿನ ಹಿಂದಿನ ಬಿಸಿಲು ಬಿಸಿಲಲ್ಲ. "ಈ ಕಾಲದಲ್ಲಿ ಇವು ತಿನ್ನುವುದೂ ಕಡಿಮೆ. ಒತ್ತಾಯ ಮಾಡಬೇಡಿ" ಅಂತ ಸೇರಿಸಿದರು.

ಅದರಂತೆ ಬಲ್ಬನ್ನು ಬೆಳಿಗ್ಗೆ ಎಂಟಕ್ಕೆ ಹಚ್ಚುವುದು, ಸಂಜೆ ಐದಕ್ಕೆ ಆರಿಸುವುದು ಅಂತ ಕಟ್ಟುಮಾಡಿದೆವು. ಕಿಟಕಿಯ ಗಾಜು ಬಿಚ್ಚಿ ಜಾಳಿಗೆ ಹೊಡೆದೆವು. ದೀಪಾವಳಿಯ ಹೊತ್ತಿಗೆ ಗಾಯ ಒಣಗಿ, ಪ್ರಾಣಿ ಚುರುಕಾಯಿತು. ಮುಂಜಾನೆ ಕಪ್ಪು ಕಂಡರೆ ಈಗ ಕಾಕಾ, "ಎದ್ದೈತ್ರಿ, ಚಾ ಕೇಳತೈತಿ" ಅನ್ನುತ್ತಿದ್ದರು. ಇನ್ನೊಂದು ವಾರಕ್ಕೆ ಕಾಗದ ಬರೆದುಕೊಡುವುದು ಅಂದುಕೊಂಡೆ.

ಪಾಡ್ಯ ಮುಗಿದ ಮೂರನೆಯ ದಿನ ಅದು ತಿನ್ನುವುದನ್ನು ಪೂರ್ತಿ ಬಿಟ್ಟಿತು. ಟೊಂಗೆ ಬಿಟ್ಟು ಇಳಿದು ಪಂಜರದ ನೆಲದ ಮೇಲೆ ಮೂಲೆಯಿಂದ ಮೂಲೆಗೆ ಓಡಾಡತೊಡಗಿತು. ಹಲಗೆ ಕೆರೆಯುವುದು, ನಿಲ್ಲುವುದು, ಮತ್ತೆ ಕೆರೆಯುವುದು. ಮೈಮೇಲೆ ಹಿಂದೆಂದೂ ಕಾಣದ ಹಳದಿ ಚುಕ್ಕೆ, ಕಪ್ಪು ಪಟ್ಟೆ. ಕೈ ಒಳಗೆ ಹಾಕಿದರೆ ಬುಸ್ ಅನ್ನುತ್ತಿತ್ತು.

ವಾಚರ್ ಅವರ ಮುಖ ಇಳಿಯಿತು. ನಾನು ಮಾತ್ರ ಈಗ ಜಾಣಳಾಗಿದ್ದೆ! "ಅಂಜಬ್ಯಾಡ್ರಿ. ಹಗಲ ಗಿಡ್ಡ ಆದಂಗ ಇವು ತಿನ್ನೂದು ಕಡಿಮಿ. ಇದು ಕಾಲದ ಗುಣ" ಅಂದೆ. ಮೊದಲು ಕಾಲದ ಗುಣವನ್ನೆಲ್ಲ ರೋಗವೆಂದು ತಿಳಿದಿದ್ದವಳು, ಈಗ ಕಣ್ಣೆದುರಿನ ಕಷ್ಟವನ್ನು ಕಾಲದ ಗುಣವೆಂದು ತಿಳಿದು ನಾಲ್ಕು ದಿನ ಕಳೆದೆ. ತೂಕ ನೋಡೋಣವೆಂದು ಬೆಲ್ಲ ತೂಗುವ ಕಿರಾಣಿ ಅಂಗಡಿಯ ಕಾಟಾ ಮೇಲೆ, ಅಂಗಡಿಯವನ ಬೈಗುಳದ ನಡುವೆ, ಡಬ್ಬಿಯಲ್ಲಿ ಹಾಕಿ ತೂಗಿದೆವು. ಬಂದ ವಾರ ಅಲ್ಲೇ ತೂಗಿದ್ದಕ್ಕಿಂತ, ತಿನ್ನದ ಪ್ರಾಣಿ ಹತ್ತು ಗ್ರಾಮ್ ಹೆಚ್ಚಾಗಿತ್ತು. ಅಂಗಡಿಯವನ ಕಾಟಾನೇ ಕೆಟ್ಟಿದೆ ಅಂದುಕೊಂಡೆ. ನನ್ನ ಬುದ್ಧಿ ನೋಡಿ.

ಐದನೆಯ ದಿನ ಕಾಕಾ ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಆಮೇಲೆ ಎದ್ದು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ಬಾಯಾರ, ತಪ್ಪ ತಿಳಕೋಬ್ಯಾಡ್ರಿ. ನೀವು ಓದಿದವ್ರು. ಖರೇ ಇದು ಜಡ್ಡೂ ಅಲ್ಲ, ಥಂಡಿನೂ ಅಲ್ಲ. ಈಯೂ ಮುಂದ ಎಮ್ಮಿ ಮೇವು ಬಿಟ್ಟು ಮೂಲಿ ಹುಡಕತಾವಲ್ಲ, ಹಂಗ ಜಾಗಾ ಹುಡಕಾಕತ್ತೈತಿ."

"ಕಾಕಾ, ಎಮ್ಮಿ ಬ್ಯಾರೆ, ಊಸರವಳ್ಳಿ ಬ್ಯಾರೆ."

"ಬ್ಯಾನಿ ಒಂದ ಅಲ್ಲೇನ್ರಿ?"

ಎದ್ದು ಹೋಗಿ ಹಿಡಿದೆ. ಎಡಗೈಯಲ್ಲಿ ಮೈ ಹಿಡಿದು, ಬಲಗೈಯ ಕಿರುಬೆರಳಿನಿಂದ ಹೊಟ್ಟೆಯ ಪಕ್ಕ ಮೆಲ್ಲಗೆ ಒತ್ತಿದೆ. ಹಸಿ ಶೇಂಗಾಬೀಜ ತುಂಬಿದ ಸಣ್ಣ ಚೀಲದ ಹಾಗಿತ್ತು. ಇಪ್ಪತ್ತು ವರ್ಷ ಎಮ್ಮೆಗಳ ಗರ್ಭ ಪರೀಕ್ಷೆ ಮಾಡಿದ ಕೈ ನನ್ನದು. ಮೂರು ವಾರ ನನ್ನ ಕೋಣೆಯಲ್ಲಿ ಇದ್ದದ್ದು ಗಂಡೋ ಹೆಣ್ಣೋ ಅಂತಲೂ ನಾನು ನೋಡಿರಲಿಲ್ಲ.

ಮೊಟ್ಟೆ ಇಡಲು ಮಣ್ಣು ಸಿಗದಿದ್ದರೆ ಅವು ಒಳಗೇ ನಿಂತು ತಾಯಿ ಸಾಯುತ್ತದೆ. ಮೃಗಾಲಯದ ವೈದ್ಯರಿಗೆ ಮತ್ತೆ ಫೋನು ಹಚ್ಚಿದೆ. ಎಮ್ಮೆಗೆ ಕೊಡುವ ಹೆರಿಗೆಯ ಇಂಜೆಕ್ಷನ್ ನನ್ನ ಫ್ರಿಜ್ಜಿನಲ್ಲಿತ್ತು. ಒಂದು ಹನಿಯಷ್ಟು ಕೊಡಲೇ ಅಂತ ಕೇಳಿದೆ. "ಮಣ್ಣು ಕೊಟ್ಟು ನೋಡದೆ ಇಂಜೆಕ್ಷನ್ ಕೊಟ್ಟರೆ ಮೊಟ್ಟೆ ಒಳಗೇ ಒಡೆಯಬಹುದು" ಅಂದರು. "ಆದರೆ ನಾನು ನೋಡುತ್ತಿರುವುದು ಫೋಟೋ. ಪ್ರಾಣಿ ನಿಮ್ಮ ಕೈಯಲ್ಲಿದೆ. ತೀರ್ಮಾನವೂ ನಿಮ್ಮದೇ."

ಕೋಣೆಯಲ್ಲೇ ಮಣ್ಣಿನ ಬುಟ್ಟಿ ಇಡಬಹುದಿತ್ತು. ಆದರೆ ನಾವು ಎಷ್ಟೇ ಗಂಟೆ ನೋಡಿ ಬಲ್ಬು ಹಚ್ಚಿದರೂ ಅಲ್ಲಿ ಕರೆಂಟಿನದೇ ಆಟ. ನೆಲ ಸಿಮೆಂಟಿನದು, ಹಗಲೆಲ್ಲ ತಣ್ಣಗೆ ಕೊರೆಯುತ್ತಿತ್ತು. ಹೊರಗಾದರೆ ಖರೇ ಬಿಸಿಲು, ಬೆಚ್ಚಗಿನ ಮಣ್ಣು. ಜೊತೆಗೆ ಕಾರ್ತಿಕದ ಥಂಡಿ, ಬೆಕ್ಕು, ಇರುವೆ. ಮೂವರೂ ಪಂಜರದ ಸುತ್ತ ನಿಂತೆವು.

"ಹೊರಗ ಇಡೂಣು" ಅಂದೆ.

"ಹೊರಗ?" ವಾಚರ್ ಹೌಹಾರಿದರು. "ಮುಂಜಾನಿ ನನ್ನ ಹಲ್ಲ ಕಟಕಟ ಅಂತಾವ್ರಿ ಬಾಯಾರ. ಆಕಿಗೆ ಸ್ವೆಟರಿಲ್ಲ, ಚಾದರಿಲ್ಲ."

"ಇಷ್ಟು ವರ್ಷ ಬೇಲ್ಯಾಗ ಯಾರು ಹೊಚ್ಚಿದ್ರೋ ಚಾದರ?" ಅಂದರು ಕಾಕಾ.

"ಖಾತ್ರಿ ನನಗೂ ಇಲ್ಲ" ಅಂದೆ ವಾಚರ್‌ಗೆ. "ಒಳಗಿದ್ರ ಉಳಿಯೂದಿಲ್ಲ ಅನಸತೈತಿ. ಹೊರಗ ಉಳದೀತು. ಏನರೆ ಆದ್ರ ನನ್ನ ತಪ್ಪು ಅಂತ ನಾನ ಬರದುಕೊಡತೇನಿ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಿಮ್ಮ ತಪ್ಪಿನ ಕಾಗದ ತಗೊಂಡು ನಾ ಏನ್ ಮಾಡ್ಲಿ? ನನ್ನ ಹೆಂಡ್ತಿ ಅದನ್ನ ರೊಟ್ಟಿ ಮಾಡ್ತಾಳೇನು?" ಅಂದು, ಪಂಜರದ ಒಂದು ಬದಿ ಹಿಡಿದು, "ಹಿಡೀರಿ ಕಾಕಾ ಆ ಕಡಿ. ಎತ್ತೂಣು" ಅಂದರು.

ದವಾಖಾನೆಯ ಹಿಂದೆ, ಮುಂಜಾನೆಯ ಬಿಸಿಲು ನೇರ ಬಿದ್ದು ಮಧ್ಯಾಹ್ನ ಬೇವಿನ ನೆರಳು ಬರುವ ಕಡೆ ಪಂಜರ ಇಟ್ಟೆವು. ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟು ಇರುವೆ ತಡೆದೆವು. ತಳದ ಹಲಗೆ ತೆಗೆದು, ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಣ್ಣು ತುಂಬಿ ಕೆಳಗೆ ಕೂರಿಸಿದೆವು. ಹತ್ತಿರದ ಹೊಲದ ಎರೆಮಣ್ಣು ಅದು. ಒಂದೇ ಹಗಲಿಗೆ ಒಣಗಿ, ಬಿರಿದು, ಹೆಂಟೆಯಾಯಿತು. ಆಕೆ ಇಳಿದಳು, ನಾಲ್ಕು ಸಲ ಕೆರೆದಳು, ಉಗುರಿಗೆ ಮೆತ್ತಿಕೊಂಡದ್ದನ್ನು ಕೊಡವಿ ಮೇಲೆ ಹೋಗಿ ಕೂತಳು. ಮರುದಿನ ಇಳಿಯಲೇ ಇಲ್ಲ. ಮುಂಜಾನೆ ಥರ್ಮಾಮೀಟರ್ ಹದಿನಾರು ತೋರಿಸುತ್ತಿತ್ತು, ಆಕೆಯ ಕಣ್ಣುಗಳು ಒಳಗೆ ಹೋಗಿದ್ದವು. ಹೊರಗಿಟ್ಟು ತಪ್ಪು ಮಾಡಿದೆನೇ ಅಂತ ನಾನು ಮೂರು ಸಲ ಇಂಜೆಕ್ಷನ್ ಡಬ್ಬಿ ತೆಗೆದು ಮೂರು ಸಲ ಒಳಗಿಟ್ಟೆ.

"ಮಣ್ಣು ಬದಲಿ ಮಾಡೂಣ್ರಿ" ಅಂದವರು ವಾಚರ್. ಮೋಟರ್ ಸೈಕಲ್ ಮೇಲೆ ಹೋಗಿ ಮಲಪ್ರಭೆಯ ದಂಡೆಯಿಂದ ಒಂದು ಚೀಲ ಉಸುಕು ತಂದರು. ಅದಕ್ಕೆ ಕೆಂಪು ಮಸಾರಿ ಮಣ್ಣು ಬೆರೆಸಿ, ಮುಷ್ಟಿ ಹಿಡಿದರೆ ಉಂಡೆಯಾಗಬೇಕು, ನೀರು ಸೋರಬಾರದು, ಅಷ್ಟು ತೇವ ಮಾಡಿದೆವು. ಸುತ್ತ ಗೋಣಿತಟ್ಟು ಕಟ್ಟಿದೆವು, ಆಕೆಗೆ ನಾವು ಕಾಣದಿರಲಿ ಅಂತ.

ಅಂದು ಮಧ್ಯಾಹ್ನ ಎರಡಕ್ಕೆ ತೋಡಲು ಕೂತಳು. ಮುಂಗಾಲಿನಿಂದ ತೋಡಿ ಹಿಂಗಾಲಿನಿಂದ ತಳ್ಳುವುದು. ಗೋಣಿತಟ್ಟಿನ ತೂತಿಗೆ ಕಣ್ಣು ಹಚ್ಚಿ ಸರದಿಯ ಮೇಲೆ ನೋಡಿದೆವು. ಸೂರ್ಯ ಇಳಿದ ಕೂಡಲೆ ಬಿಟ್ಟು ಮೇಲೆ ಹತ್ತಿ ಮಲಗಿದಳು. ಮರುದಿನ ಬಿಸಿಲು ಏರಿ, ಮೈ ಕಪ್ಪಿನಿಂದ ಹಸಿರಿಗೆ ತಿರುಗಿದ ಮೇಲೆ ಮತ್ತೆ ಇಳಿದಳು. ಹತ್ತೂವರೆಗೆ ಬಾಲ ಮಾತ್ರ ಹೊರಗೆ ಕಾಣುತ್ತಿತ್ತು. ಮೂರರ ಹೊತ್ತಿಗೆ ತಿರುಗಿ ನಿಂತು ಮಣ್ಣು ಮುಚ್ಚುತ್ತಿದ್ದಳು, ಕಾಲಿನಿಂದ ಬಡಿದು ಬಡಿದು. ಆಮೇಲೆ ಒಗೆದು ಹಿಂಡಿದ ಬಟ್ಟೆಯಂತಾಗಿ ಟೊಂಗೆಗೆ ಬಂದಳು. ಸಲೈನಿನ ಹನಿಯ ಕೆಳಗೆ ಬಾಯಿ ಒಡ್ಡಿ ಮುಕ್ಕಾಲು ಗಂಟೆ ಕುಡಿದಳು. ನಮ್ಮ ಮೂವರಲ್ಲಿ ಯಾರೂ ಅಲ್ಲಿಂದ ಏಳಲಿಲ್ಲ. ಹೊರಗೆ ಎಮ್ಮೆಯವರು ಕೂಗುತ್ತಿದ್ದರು, ಕೂಗಲಿ ಅಂತ ಬಿಟ್ಟೆವು.

ಎಂಟು ದಿನ ಮಿಡತೆ ತಿಂದು, ಕ್ಯಾಲ್ಸಿಯಂ ಪುಡಿ ನೆಕ್ಕಿ ಆಕೆ ಮೈ ಹಿಡಿದಳು. ನಾನು ಕಾಗದ ಬರೆದುಕೊಟ್ಟೆ. ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಗೆ ವಾರವಿರುವಾಗ, ಜೋಳದ ಹೊಲಗಳ ನಡುವಿನ ಹಳೆಯ ಬೇಲಿಸಾಲಿಗೆ ಆಕೆಯನ್ನು ಪಂಚ ಸಾಕ್ಷಿಗಳ ಮುಂದೆ ಬಿಟ್ಟು ಬಂದೆವು. ವಾಚರ್ ಫೈಲು ಚೊಕ್ಕಾಗಿ ಮೇಲೆ ಹೋಯಿತು.

ಮೊಟ್ಟೆಗಳ ವಿಷಯ ಉಳಿಯಿತು. ಸವದತ್ತಿಯಲ್ಲಿ ಪರಿಚಯದವರ ಬಳಿ ಕೋಳಿಮೊಟ್ಟೆ ಮರಿ ಮಾಡುವ ಯಂತ್ರವಿತ್ತು. ಕೈ ಮತ್ತೆ ಆ ಕಡೆಗೇ ಎಳೆಯಿತು. ಮೃಗಾಲಯದ ವೈದ್ಯರು ಬೇಡವೆಂದರು. ಈ ಮೊಟ್ಟೆಗಳು ಮೊದಲು ಚಳಿಗಾಲ ಕಾಣಬೇಕು, ಆಮೇಲೆ ಬೇಸಿಗೆ ಕಾಣಬೇಕು, ಒಂದೇ ಕಾವಿನಲ್ಲಿಟ್ಟರೆ ಮರಿ ಬರುವುದು ಕಷ್ಟ ಅಂದರು. ವಾಚರ್ ತಮ್ಮ ಸಾಹೇಬರನ್ನು ಕೇಳಿದರೆ ಅವರು, "ಕೇಸಿನ್ಯಾಗ ಒಂದ ಐತಿ, ಒಂದ ಬಿಟ್ಟೀರಿ, ಮುಗೀತು. ತತ್ತಿ ಸುದ್ದಿ ನನ್ನ ಮುಂದ ತೆಗೀಬ್ಯಾಡ್ರಿ" ಅಂದರಂತೆ. ಡ್ರಮ್ಮಿನ ತಳಕ್ಕೆ ತೂತು ಹಾಕಿ, ಹಿಂದಿನ ಬೇಲಿಯ ಪಕ್ಕ ಕುತ್ತಿಗೆಮಟ್ಟ ಹೂತು, ಮೇಲೆ ದೊಡ್ಡ ಕಣ್ಣಿನ ತಂತಿ ಜಾಳಿಗೆ ಹೊಚ್ಚಿದೆವು. ಬೇಸಿಗೆಯಲ್ಲಿ ಕಾಕಾ ನಾಲ್ಕು ದಿನಕ್ಕೊಮ್ಮೆ ಒಂದು ತಂಬಿಗೆ ನೀರು ಚಿಮುಕಿಸುತ್ತಿದ್ದರು. ಒಳಗೆ ಏನಾಗುತ್ತಿದೆ ಅಂತ ನಾವು ಯಾರೂ ಕೆದಕಲಿಲ್ಲ.

ರೋಹಿಣಿ ಮಳೆ ಎರಡು ದಿನ ಬಿದ್ದ ಮೇಲೆ ವಾಚರ್ ಬಂದು ಮಣ್ಣು ನೋಡೋಣ ಅಂದರು. ಚಮಚದಿಂದ ಮೆಲ್ಲಗೆ ಕೆದಕಿದರು. ಕೆಲವು ಮೊಟ್ಟೆ ಒಣಗಿ ಮುದುಡಿದ್ದವು. ಕೆಲವು ತುದಿಯಲ್ಲಿ ಸೀಳಿ ಖಾಲಿಯಾಗಿದ್ದವು. ಎಷ್ಟು ಹೊರಗೆ ಬಂದವು, ಯಾವಾಗ ಬಂದವು, ಎತ್ತ ಹೋದವು, ಒಂದೂ ತಿಳಿಯಲಿಲ್ಲ. ಸಿಪ್ಪೆ ಎಣಿಸಿ ವಾಚರ್ ಹನ್ನೊಂದು ಅಂದರು, ಕಾಕಾ ಒಂಬತ್ತು ಅಂದರು. ಅವರಿಬ್ಬರೂ ವಾದ ಮಾಡುತ್ತಿರುವಾಗ ಬೇಲಿಯ ತಂತಿಯ ಮೇಲೆ ಒಂದು ಮರಿ ಕಂಡಿತು, ನನ್ನ ಕಿರುಬೆರಳಿನ ಅರ್ಧದಷ್ಟು. ವಾಚರ್ ಒಂದು ಕಡ್ಡಿ ತೆಗೆದು ಅದರ ಮುಂದೆ ಹಿಡಿದರು. ಅದು ಹತ್ತಲಿಲ್ಲ. ಕಡ್ಡಿಯ ಪಕ್ಕದಿಂದ ಹಾದು, ತಂತಿಯ ಮೇಲೇ ನಡೆದು, ಜಾಲಿ ಗಿಡದೊಳಗೆ ಹೋಯಿತು.